ಆರುವಾಗ ಕಟ್ಟುವ ಕೆನೆ

ಬೆಂಕಿಗೆ ಹೆದರುವ ಕುಲುಮೆಯವನನ್ನು ನೀವು ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ನೀರಿಗೆ ಹೆದರುವ ಅಂಬಿಗ, ರಕ್ತ ಕಂಡರೆ ತಲೆ ಸುತ್ತುವ ಡಾಕ್ಟರು, ಮಕ್ಕಳೆಂದರೆ ನಡುಗುವ ಮೇಷ್ಟ್ರು, ಇಂಥವರು ಲೋಕದಲ್ಲಿ ಇಲ್ಲವೆಂದಲ್ಲ. ಇದ್ದರೂ ಡಂಗುರ ಸಾರಿಕೊಂಡು ತಿರುಗುವುದಿಲ್ಲ, ಅಷ್ಟೆ. ನಮ್ಮ ಹದಗಾರನೂ ಯಾರಿಗೂ ಹೇಳಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ.

ಹದಗಾರ ಎಂಬುದು ವರ್ಕ್‌ಶಾಪುಗಳ ಓಣಿ ಅವನಿಗೆ ಇಟ್ಟ ಹೆಸರು. ಅಕ್ಕಪಕ್ಕದ ಶೆಡ್ಡುಗಳಲ್ಲಿ ಕೊರೆದು ಹಲ್ಲು ಕಡಿದ ಉಕ್ಕಿನ ಗೇರುಗಳು ಕೊನೆಗೆ ಬರುವುದು ಅವನ ಬಾಗಿಲಿಗೆ. ಅವನು ಅವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯ ತೊಟ್ಟಿಯಲ್ಲಿ ಅದ್ದಿ, ಗಟ್ಟಿ ಮಾಡಿ ಕಳಿಸಬೇಕು. ಹೆಚ್ಚು ಕಾದರೆ ಗೇರು ಸೀಳುತ್ತದೆ, ಕಡಿಮೆ ಕಾದರೆ ಬೇಗ ಸವೆಯುತ್ತದೆ. ಗೋಡೆಯ ಮೇಲೆ ಮೀಟರೊಂದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವನು ಬಾಗಿಲ ಸಂದಿಯಿಂದ ಬಣ್ಣ ನೋಡಿ ತಲೆಯಾಡಿಸಿದ ಮೇಲೆಯೇ ಮಾಲು ಹೊರಗೆ ಬರುತ್ತಿದ್ದದ್ದು. ನಮಗೆ ನಿಮಗೆ ಕೆಂಪು ಎಂದರೆ ಒಂದೇ ಕೆಂಪು. ಅವನಿಗೆ ಟೊಮೆಟೊ ಕೆಂಪಿಗೂ ಕಿತ್ತಳೆ ಕೆಂಪಿಗೂ ನಡುವೆ ಒಂದು ದೊಡ್ಡ ಸಂಸಾರವೇ ಕಾಣುತ್ತಿತ್ತು.

ಅಂಥವನು ಕಳೆದ ಬೇಸಿಗೆಯಿಂದ ಒಂದು ಸಲವೂ ಕುಲುಮೆಯ ಬಾಗಿಲು ತೆರೆದಿರಲಿಲ್ಲ. ತೆರೆಯುವ ಹೊತ್ತಿಗೆ ಸರಿಯಾಗಿ ಅವನಿಗೊಂದು ಫೋನು ಬರುತ್ತಿತ್ತು. ಇಲ್ಲವೆ ಲಾರಿ ಬಂತೇನೋ ನೋಡಬೇಕಾಗುತ್ತಿತ್ತು. ಇಲ್ಲವೆ ಹೊಟ್ಟೆ ಕೆಟ್ಟಿರುತ್ತಿತ್ತು. "ಮೇಸ್ತ್ರಿ, ನೀವೇ ತೆಗೀರಿ" ಎಂದು ಹೇಳಿ ಬೀದಿಗೆ ಹೋಗಿ ನಿಲ್ಲುತ್ತಿದ್ದ. ಮೇಸ್ತ್ರಿ ಅವನ ಅಪ್ಪನ ಕಾಲದಿಂದ ಇದ್ದ ಆಳು, ಮರುಮಾತಾಡದೆ ತೆಗೆಯುತ್ತಿದ್ದ. ಒಬ್ಬ ಮನುಷ್ಯನ ಹೊಟ್ಟೆ ದಿನವೂ ಅದೇ ಹೊತ್ತಿಗೆ ಹೇಗೆ ಕೆಡುತ್ತದೆ ಎಂದು ಅವನಿಗೂ ಅನಿಸದೆ ಇರಲಿಲ್ಲ. ಯಜಮಾನನ ಹೊಟ್ಟೆಯ ಉಸಾಬರಿ ತನಗೇಕೆಂದು ಸುಮ್ಮನಿದ್ದ.

ಇದಕ್ಕೆಲ್ಲ ಕಾರಣ ಅಕ್ಕನ ಪುಡಿ.

ಹದಗಾರನ ಅಕ್ಕ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮೂಗಿನ ತುದಿಯಲ್ಲೇ ಕೋಪ, ಆದರೆ ಕೋಪ ಬಂದಷ್ಟೇ ಬೇಗ ನಗುವೂ ಬರುತ್ತಿತ್ತು. ತಲೆ ನೆರೆಯುವ ವಯಸ್ಸಿಗೆ ಅವಳಿಗೊಂದು ಹುಚ್ಚು ಹಿಡಿದಿತ್ತು. ನಿಕಲ್ ಲೋಹವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡಬೇಕು, ಪ್ರತಿ ಕಣದ ಮೈಗೂ ಗ್ರಾಫೀನಿನ ಹೊದಿಕೆ ಹೊದಿಸಬೇಕು. ಗ್ರಾಫೀನ್ ಎಂದರೆ ಬೇರೇನಲ್ಲ. ಪೆನ್ಸಿಲ್ ಕಡ್ಡಿಯಲ್ಲಿ ಇಂಗಾಲ ಹಾಳೆಯ ಮೇಲೆ ಹಾಳೆಯಾಗಿ ಕೂತಿರುತ್ತದಲ್ಲ, ಅದರ ಒಂದೇ ಒಂದು ಹಾಳೆ. ಅದಕ್ಕಿಂತ ತೆಳುವಾದ ಬಟ್ಟೆಯನ್ನು ಯಾವ ನೇಕಾರನೂ ನೇಯಲಾರ. ಕಾಲೇಜಿನ ಕುಲುಮೆ ಕೆಟ್ಟು ಕೂತಾಗ ಅವಳು ತಮ್ಮನ ಶೆಡ್ಡಿಗೆ ಬಂದಳು. ನಿಕಲ್ಲಿನ ಹಸಿರು ಉಪ್ಪನ್ನೂ ಸಕ್ಕರೆಯನ್ನೂ ನೀರಿನಲ್ಲಿ ಕರಗಿಸಿ, ಬತ್ತಿಸಿ, ಅಂಟುಮುದ್ದೆ ಮಾಡಿ, ಉಕ್ಕಿನ ಪೆಟ್ಟಿಗೆಯೊಂದರಲ್ಲಿಟ್ಟು ಮುಚ್ಚಳ ಬಿಗಿದು, ಒಳಗೆ ಗಾಳಿಯ ಸುಳಿವೂ ಇರದಂತೆ ಆರ್ಗಾನ್ ಅನಿಲ ಹರಿಸಿ ಕಾಯಿಸಿದ್ದಳು.

ಅವತ್ತು ಬೆಂಕಿ ಆರಿಸಿದ ಮೇಲೆ ಹದಗಾರ ಬಣ್ಣ ನೋಡುತ್ತ ನಿಂತಿದ್ದ. ಪೆಟ್ಟಿಗೆಯ ಕೆಂಪು ಮಾಸಿತು, ಕಪ್ಪಾಯಿತು. ಅವನ ಕಸುಬಿನಲ್ಲಿ ಕೆಂಪು ಹೋಯಿತೆಂದರೆ ಮುಗಿಯಿತು, ತೆಗೆಯಬಹುದು. ಅಪ್ಪ ಕಲಿಸಿದ್ದು ಅದೇ, ಇಷ್ಟು ವರ್ಷ ಅನ್ನ ಕೊಟ್ಟದ್ದೂ ಅದೇ. ಅಕ್ಕ ಆಚೆ ಯಾರೊಂದಿಗೋ ಮಾತಾಡುತ್ತಿದ್ದಳು. ಅವಳನ್ನು ಕೇಳುವುದೇನಿದೆ ಎಂದುಕೊಂಡು ಪೆಟ್ಟಿಗೆಯನ್ನು ಹೊರಗೆಳೆದು ಮುಚ್ಚಳ ಎತ್ತಿದ. ಒಳಗಿನ ಕಪ್ಪು ಪುಡಿ ಗಾಳಿಯ ಮುಖ ಕಂಡದ್ದೇ ತಡ, ಭಗ್ಗೆಂದು ಹೊತ್ತಿಕೊಂಡಿತು. ಯಾರೂ ಕಡ್ಡಿ ಗೀರಿರಲಿಲ್ಲ, ಕಿಡಿ ತಾಗಿಸಿರಲಿಲ್ಲ. ತಾನಾಗಿ ಎದ್ದ ಬೆಂಕಿ ಅವನ ಕೈಗವಸಿನೊಳಕ್ಕೆ ನುಗ್ಗಿತು. ಹುಬ್ಬು ಸುಟ್ಟಿತು, ಬಲ ಅಂಗೈಯ ಚರ್ಮ ಹೋಯಿತು.

ಚರ್ಮ ಬಂತು ಅನ್ನಿ. ಹುಬ್ಬೂ ಬಂತು. ಬಾರದೆ ಉಳಿದದ್ದು ಅವನ ಕಣ್ಣಿನ ಮೇಲೆ ಅವನಿಗಿದ್ದ ನಂಬಿಕೆ. ಬಣ್ಣ ನೋಡಿ ತೆಗೆದೆನಲ್ಲ, ನನ್ನ ಕಣ್ಣೇ ನನಗೆ ಮೋಸ ಮಾಡಿತಲ್ಲ ಎಂಬ ಮಾತು ಎದೆಯೊಳಗೆ ಕೂತುಬಿಟ್ಟಿತು. ಆಮೇಲೆ ಯಾವ ಕುಲುಮೆಯ ಬಾಗಿಲು ಕಂಡರೂ ಕಾಲು ಹಿಂದಕ್ಕೆ ಎಳೆಯುತ್ತಿತ್ತು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎನ್ನುತ್ತಾರೆ. ಇವನು ದಿನಾ ಹಗ್ಗ ಮಾರಿಯೇ ಹೊಟ್ಟೆ ಹೊರೆಯಬೇಕಾದವನು. ಇತ್ತ ಅಕ್ಕ ತನ್ನ ಕೆಲಸವನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಪುಡಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು.

ಹೀಗೇ ಇದ್ದರೆ ತಾನು ಕೆಟ್ಟೆ ಎಂದು ಹದಗಾರನಿಗೆ ಒಂದು ದಿನ ಅನಿಸಿತು. ಭಯ ಹುಟ್ಟಿದ ಪೆಟ್ಟಿಗೆಯ ಮುಂದೆಯೇ ಮತ್ತೊಮ್ಮೆ ನಿಲ್ಲಬೇಕು. ನಿಲ್ಲಲಾಗದಿದ್ದರೆ ಶೆಡ್ಡನ್ನು ಮೇಸ್ತ್ರಿಗೆ ಒಪ್ಪಿಸಿ, ಕಸುಬು ಬಿಟ್ಟು, ಎಲ್ಲಾದರೂ ಬೀಗ ಕೊಡೆ ಮಾರುವ ಅಂಗಡಿ ಇಟ್ಟುಕೊಳ್ಳುವುದು. ಹಾಗೆಂದು ಗಟ್ಟಿ ಮಾಡಿಕೊಂಡು ಅಕ್ಕನ ಮನೆಗೆ ಹೋದ.

"ಅಕ್ಕ, ನಿನ್ನ ಪುಡಿ ಇನ್ನೊಂದ್ಸಲ ಮಾಡೋಣ."

"ಬೇಡ."

"ಯಾಕೆ?"

"ನಿನ್ನ ಕೈ ನೋಡ್ಕೋ, ಗೊತ್ತಾಗತ್ತೆ."

"ಕೈಗೇನಾಗಿದೆ? ನೋಡಿಲ್ಲಿ." ಅವನು ಮುಷ್ಟಿ ಹಿಡಿದು ಬಿಟ್ಟು ತೋರಿಸಿದ.

"ನಿನ್ನ ಹೆಂಡತಿ ನಮ್ಮನೆ ಹೊಸಿಲು ತುಳಿಯೋದನ್ನೇ ಬಿಟ್ಟಿದ್ದಾಳೆ. ಮತ್ತೆ ಶುರು ಮಾಡಿದ್ರೆ ನನ್ನ ಮುಖಾನೂ ನೋಡಲ್ಲ."

"ಅವಳಿಗೆ ಮಂಡಿನೋವು ಅಕ್ಕ. ಅದಕ್ಕೇ ಬರ್ತಿಲ್ಲ."

"ಅವಳು ನಿನ್ನೆ ಬಸ್ಸಿಗೆ ಓಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಸುಳ್ಳು ಹೇಳೋದನ್ನಾದ್ರೂ ನೆಟ್ಟಗೆ ಕಲಿಯೋ!" ಎಂದು ಅಕ್ಕ ರೇಗಿದಳು. ರೇಗುತ್ತಲೇ ನಕ್ಕಳು. ನಕ್ಕ ಮೇಲೆ ಸೋತಳು ಅಂತಲೇ ಲೆಕ್ಕ. ಅಟ್ಟದಿಂದ ಡಬ್ಬಿಗಳು ಇಳಿದವು.

ಕಾಯಿಸುವ ದಿನ ಶೆಡ್ಡಿನಲ್ಲಿ ಬೇರೆ ಕೆಲಸವನ್ನೆಲ್ಲ ಮರುದಿನಕ್ಕೆ ಮುಂದೂಡಿದ್ದರು. ಪೆಟ್ಟಿಗೆಗೆ ಎರಡು ಕೊಳವೆ. ಒಂದು ಅನಿಲದ ಸಿಲಿಂಡರಿನಿಂದ ಒಳಗೆ ಹೋಗುವುದು. ಇನ್ನೊಂದು ಹೊರಗೆ ಬಂದು ಉದ್ದಕ್ಕೆ ಹರಿದು, ದೂರದಲ್ಲಿಟ್ಟ ನೀರಿನ ಬಾಟಲಿಯಲ್ಲಿ ಮುಳುಗುವುದು. ಅನಿಲ ಹರಿಯುತ್ತಿದ್ದಷ್ಟು ಹೊತ್ತೂ ಬಾಟಲಿಯಲ್ಲಿ ಗುಳುಕ್ ಗುಳುಕ್ ಎಂದು ಗುಳ್ಳೆ ಏಳುತ್ತಿರಬೇಕು. ಹದಗಾರ ತಾನಾಗಿ ಬಾಟಲಿ ಕಾಯುವ ಕೆಲಸ ವಹಿಸಿಕೊಂಡ. ಯಾಕೆಂದರೆ ಬಾಟಲಿ ಕುಲುಮೆಯಿಂದ ದೂರ, ಬೀದಿಬಾಗಿಲ ಹತ್ತಿರ ಇತ್ತು. ಮೊದಲ ದಿನವೇ ಮುಂದೆ ನಿಲ್ಲುವುದೇಕೆ, ನಾಳೆ ಮುಚ್ಚಳ ತೆಗೆಯುವಾಗ ನಿಂತರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದು ಸ್ಟೂಲು ಹಾಕಿಕೊಂಡು, ಎಮ್ಮೆ ಕಾಯುವವನ ಹಾಗೆ ಗುಳ್ಳೆ ಕಾಯುತ್ತ ಕೂತ.

ಅಲ್ಲಿಂದಲೇ ಸಂದಿಯ ಬೆಳಕು ಕಾಣುತ್ತಿತ್ತು. ಕೆಂಪು ಕಳೆದು ಕಿತ್ತಳೆಯಾಯಿತು. ಕಿತ್ತಳೆಯೂ ತೆಳುವಾಗುತ್ತ ಹಳದಿಯತ್ತ ಹೊರಳಿತು.

"ಅಕ್ಕ, ಜಾಸ್ತಿ ಆಯ್ತಲ್ಲ? ಗೇರಾಗಿದ್ರೆ ಇಷ್ಟೊತ್ತಿಗೆ ಗೋವಿಂದ."

"ಇದು ಗೇರಲ್ಲ. ಕಾದಷ್ಟೂ ಒಳ್ಳೇದು." ಅಕ್ಕ ಬಂದು ಅವನ ಪಕ್ಕ ಒಂದು ಡಬ್ಬ ಬೋರಲು ಹಾಕಿಕೊಂಡು ಕೂತಳು. "ಸಕ್ಕರೆ ಸುಟ್ಟು ಇಂಗಾಲ ಆಗಿದೆಯಲ್ಲ, ನಿಕಲ್ ಅದನ್ನ ಕುಡಿಯತ್ತೆ. ಬಿಸಿ ಏರಿದಷ್ಟೂ ಬಾಯಾರಿಕೆ ಜಾಸ್ತಿ. ಕುಡಿದೂ ಕುಡಿದೂ ಮೈತುಂಬ ಇಂಗಾಲ."

"ಕುಡಿದು ಏನು ಮಾಡತ್ತೆ?"

"ಏನೂ ಮಾಡಲ್ಲ. ನಾವು ಬೆಂಕಿ ಆರಿಸ್ತೀವಿ. ಆರ್ತಾ ಆರ್ತಾ ಅದಕ್ಕೆ ಕುಡಿದದ್ದನ್ನ ಇಟ್ಕೊಳಕ್ಕೆ ಆಗಲ್ಲ. ಹೊರಗೆ ಹಾಕತ್ತೆ. ಕಾದ ಹಾಲು ಆರುವಾಗ ಮೇಲೆ ಕೆನೆ ಕಟ್ಟತ್ತಲ್ಲ? ಹಾಗೇ ಇಂಗಾಲ ಬಂದು ಬಂದು ಮೈಸುತ್ತ ಕಟ್ಕೊಳತ್ತೆ. ಒಂದು ಪರಮಾಣು ದಪ್ಪದ ಕೆನೆ. ಅದರ ಮೇಲೊಂದು, ಅದರ ಮೇಲೊಂದು. ಹೀಗೆ ನಾಲ್ಕಾರು."

"ಯಾರು ಹೊದಿಸ್ತಾರೆ?"

"ಯಾರೂ ಇಲ್ಲ ಕಣೋ. ಅದೇ ಹೊದ್ಕೊಳತ್ತೆ."

ಹದಗಾರ ಅಕ್ಕನ ಮುಖ ನೋಡಿದ. ತಮಾಷೆ ಮಾಡುತ್ತಿದ್ದಾಳೋ ಏನೋ ಎಂದುಕೊಂಡ. ಇಲ್ಲ, ಅವಳ ಕಣ್ಣು ದೂರದ ಆ ಹಳದಿ ಗೆರೆಯ ಮೇಲಿತ್ತು.

"ಒಂದು ಸಾಸಿವೆ ಕಾಳಷ್ಟು ಪುಡೀಲಿ ಅಂಥ ಕಣ ಎಷ್ಟಿರತ್ತೆ?"

"ಭೂಮಿ ಮೇಲೆ ಎಷ್ಟು ಜನ ಇದಾರೋ ಅದಕ್ಕಿಂತ ಎಷ್ಟೋ ಜಾಸ್ತಿ."

"ಪ್ರತಿಯೊಂದಕ್ಕೂ ಬೇರೆ ಬೇರೆ ಹೊದಿಕೆ?"

"ಪ್ರತಿಯೊಂದಕ್ಕೂ. ಅಳತೆಗೆ ಸರಿಯಾಗಿ."

ಅವನ ಮೈ ಝುಮ್ಮೆಂದಿತು. ಹುಟ್ಟಿದಾಗಿನಿಂದ ಕುಲುಮೆಯ ಜೊತೆ ಬೆಳೆದವನು ಅವನು. ಕೆಲಸ ನಡೆಯುವುದು ಬೆಂಕಿಯಲ್ಲಿ, ಎಣ್ಣೆಯ ತೊಟ್ಟಿಯಲ್ಲಿ ಎಂದೇ ತಿಳಿದಿದ್ದ. ಸುಮ್ಮನೆ ಬಿಟ್ಟು ಆರಿಸುವುದೆಂದರೆ ಅವನ ಪಾಲಿಗೆ ಚಹಾ ಕುಡಿದು ಬರುವ ಹೊತ್ತು. ಅಂಥ ಹೊತ್ತಿನಲ್ಲಿ, ಯಾರೂ ಮುಟ್ಟದೆ, ಯಾರೂ ನೋಡದೆ, ಲೆಕ್ಕಕ್ಕೆ ಸಿಗದಷ್ಟು ಕಣಗಳು ಒಂದೊಂದೂ ತನ್ನ ಒಳಗಿನಿಂದಲೇ ತನಗೊಂದು ಹೊದಿಕೆ ತೆಗೆದು ಹೊದ್ದುಕೊಳ್ಳುತ್ತವೆ ಎಂದರೆ ಏನು ಹೇಳುವುದು! ಅಬ್ಬಾ ಎಂದ. ಅದಕ್ಕಿಂತ ಒಳ್ಳೆಯ ಮಾತು ಅವನಿಗೆ ಹೊಳೆಯಲಿಲ್ಲ, ನನಗೂ ಹೊಳೆಯುತ್ತಿಲ್ಲ.

ಬೆಂಕಿ ಆರಿಸಿದರು. ಅಕ್ಕ ಕಾಲೇಜಿಗೆ ಹೋಗಿ ಆಸಿಡ್ಡಿನ ಬಾಟಲಿ ತರಬೇಕಿತ್ತು. ಹೊರಡುವ ಮೊದಲು ಕುಲುಮೆಯ ಪಕ್ಕದ ಸಿಲಿಂಡರು ತೋರಿಸಿ ಎಚ್ಚರಿಸಿದಳು. "ಆರುವಾಗ ಒಳಗಿನ ಅನಿಲ ಕುಗ್ಗತ್ತೆ. ಗುಳ್ಳೆ ನಿಧಾನ ಆದ್ರೆ ಬಂದು ಈ ವಾಲ್ವ್ ಸ್ವಲ್ಪ ತಿರುಗಿಸು. ಬಾಟಲಿ ನೀರು ಕೊಳವೇಲಿ ಹಿಂದಕ್ಕೆ ಏರೋದಕ್ಕೆ ಮಾತ್ರ ಬಿಡಬೇಡ. ಕೆಂಪಗಿರೋ ಪೆಟ್ಟಿಗೆಗೆ ನೀರು ಹೋಯ್ತೋ, ನಾವ್ಯಾರೂ ಇರಲ್ಲ." ಹದಗಾರ ಹೂಂ ಎಂದ. ಹೂಂ ಎನ್ನುವುದಕ್ಕೆ ಏನು ಖರ್ಚು?

ಮೇಸ್ತ್ರಿ ಬೀದಿಯಲ್ಲಿ ಗೇರುಗಳ ಕ್ರೇಟು ಇಳಿಸಿಕೊಳ್ಳುತ್ತಿದ್ದ. ಶೆಡ್ಡಿನಲ್ಲಿ ಹದಗಾರ ಒಬ್ಬನೇ. ಸ್ವಲ್ಪ ಹೊತ್ತಿಗೆ ಗುಳ್ಳೆ ನಿಧಾನವಾಯಿತು. ಒಂದು ಬಂತು. ಎಷ್ಟೋ ಹೊತ್ತು ಕಳೆದು ಇನ್ನೊಂದು ಬಂತು. ಆಮೇಲೆ ಬರಲೇ ಇಲ್ಲ. ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ಒಂದು ಬೆರಳು ಮೇಲೇರಿತು. ಎದ್ದು ನಿಂತ. ವಾಲ್ವು ಕಣ್ಣೆದುರೇ ಇತ್ತು, ಕುಲುಮೆಯ ಮಗ್ಗುಲಲ್ಲಿ, ಸಂದಿಯಲ್ಲಿ ಮಂದವಾದ ಕೆಂಪು ಇಣುಕುತ್ತಿತ್ತು. ಹೋಗು ಎಂದು ಮನಸ್ಸು ಹೇಳಿತು. ನೀರು ಒಂದು ಗೇಣು ಏರಿತು, ಎರಡು ಗೇಣು ಏರಿತು. ಅವನು ಕುಲುಮೆಯತ್ತ ಹೋಗಲಿಲ್ಲ. ಹೋಗುವ ಬದಲು ಬಗ್ಗಿ, ಕಾಲಬುಡದಲ್ಲಿದ್ದ ಕೊಳವೆಯನ್ನೇ ಬಾಟಲಿಯಿಂದ ಕಿತ್ತು, ಕೊಡವಿ ನೀರು ಚೆಲ್ಲಿದ.

ನೀರಿನ ಅಪಾಯವೇನೋ ತಪ್ಪಿತು. ಆದರೆ ಕೊಳವೆಯ ಬಾಯಿ ಈಗ ಬಯಲಿಗೆ ತೆರೆದಿತ್ತು. ಸುರ್ರೆಂದು ಗಾಳಿ ಒಳಕ್ಕೆ ಎಳೆದುಕೊಳ್ಳುವ ಸದ್ದು ಅವನಿಗೇ ಕೇಳಿಸಿತು. ಯಾವ ಗಾಳಿಯನ್ನು ಹೊರಗಿಡಲು ಇಷ್ಟೆಲ್ಲ ಪಾಡು ಪಟ್ಟಿದ್ದರೋ ಅದೇ ಗಾಳಿ. "ಮೇಸ್ತ್ರೀ!" ಎಂದು ಕಿರುಚಿದ. ಮೇಸ್ತ್ರಿ ಓಡಿ ಬಂದು ವಾಲ್ವು ತಿರುಗಿಸಿದ, ಕೊಳವೆಯನ್ನು ನೀರಿಗೆ ಹಾಕಿದ. ಗುಳ್ಳೆ ಮತ್ತೆ ಎದ್ದಿತು. ಹದಗಾರ ಸ್ಟೂಲಿನ ಮೇಲೆ ಕುಸಿದ.

ಅಕ್ಕ ಬಂದಾಗಲೂ ಹಾಗೇ ಕೂತಿದ್ದ. ಆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ.

"ವಾಲ್ವ್ ಅಲ್ಲೇ ಇತ್ತಲ್ಲೋ!" ಎಂದಳು ಅಕ್ಕ.

"ಇತ್ತು."

"ನಾಲ್ಕು ಹೆಜ್ಜೆ ಇಡಕ್ಕೆ ಏನಾಗಿತ್ತು ನಿನಗೆ?"

ಮೇಸ್ತ್ರಿ ಕೆಮ್ಮಿ ಗಂಟಲು ಸರಿ ಮಾಡಿಕೊಂಡ. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮೇಡಂ? ಯಜಮಾನ್ರು ಫರ್ನೇಸ್ ಬಾಗಿಲು ಮುಟ್ಟಿ ಎಷ್ಟೋ ಕಾಲ ಆಯ್ತು. ಎಲ್ಲಾ ನಾನೇ ತೆಗೀತಿರೋದು." ಇಷ್ಟು ಹೇಳಿ, ಹೇಳಬಾರದಿತ್ತೇನೋ ಎನಿಸಿ, ಕ್ರೇಟಿನ ನೆಪ ಹಿಡಿದು ಆಚೆ ಹೋದ.

ಅಕ್ಕ ತಮ್ಮನನ್ನು ನೋಡುತ್ತ ನಿಂತಳು. ಅವಳ ಕೋಪ ಎಲ್ಲಿ ಹೋಯಿತೋ. "ಹೌದೇನೋ?" ಎಂದಳು.

"ಹೌದು ಅಕ್ಕ. ನನ್ನ ಕಣ್ಣೇ ನನಗೆ ಮೋಸ ಮಾಡ್ತು. ಕೆಂಪು ಪೂರ್ತಿ ಹೋಗಿತ್ತು ಅಕ್ಕ, ಆಣೆ ಮಾಡಿ ಹೇಳ್ತೀನಿ. ನೋಡೇ ತೆಗೆದೆ. ಆದ್ರೂ ಹೊತ್ಕೊಂಡ್ತು. ಇನ್ಮೇಲೆ ಯಾವ ಬಣ್ಣ ಅಂತ ನಂಬ್ಲಿ?" ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಮುಂಗೈಯಿಂದ ಕಣ್ಣು ಒರೆಸಿಕೊಂಡ.

"ಅಯ್ಯೋ ನನ್ನ ಪೆದ್ದಪ್ಪ!" ಅಕ್ಕ ಅವನ ಮುಂದೆಯೇ ನೆಲದ ಮೇಲೆ ಕೂತುಬಿಟ್ಟಳು. "ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನೀನು ಅವತ್ತಲ್ಲ, ಮಾರನೇ ದಿನ ತೆಗೆದಿದ್ರೂ ಹೊತ್ಕೋತಿತ್ತು. ಮಂಜುಗಡ್ಡೆ ಥರ ತಣ್ಣಗಾದ ಮೇಲೆ ತೆಗೆದಿದ್ರೂ ಹೊತ್ಕೋತಿತ್ತು. ಅದು ಬಿಸಿಗೆ ಹೊತ್ಕೊಂಡಿದ್ದಲ್ಲ. ಅದರ ಮೇಲೆ ಕೆನೇನೇ ಕಟ್ಟಿರಲಿಲ್ಲ, ಬರೀ ಮೈ. ದಪ್ಪ ತುಂಡಾದ್ರೆ ಒಳಗಿನ ಲೋಹಕ್ಕೆ ಗಾಳಿ ತಾಗಲ್ಲ. ಅಷ್ಟು ಸಣ್ಣಗೆ ಮಾಡಿದ್ರೆ ಒಳಗು ಅನ್ನೋದೇ ಇಲ್ಲ, ಎಲ್ಲಾ ಬೀದಿಬಾಗಿಲಲ್ಲೇ ನಿಂತಿರತ್ತೆ. ಗಾಳಿ ಬಂದ್ರೆ ಎಲ್ಲಾ ಒಟ್ಟಿಗೆ ಉರಿಯತ್ತೆ."

"ಕೆನೆ ಯಾಕೆ ಕಟ್ಟಿರಲಿಲ್ಲ?"

"ಕಡಿಮೆ ಕಾಯಿಸಿದ್ದೆ. ತಪ್ಪು ನಂದು."

"ನನಗೆ ಯಾಕೆ ಹೇಳಲಿಲ್ಲ?"

"ತಮ್ಮನ ಕೈ ಸುಟ್ಟವಳು ನಾನೇ ಅಂತ ಯಾವ ಬಾಯಲ್ಲಿ ಹೇಳ್ಲೋ?" ಎಂದು ಅಕ್ಕ ಅವನ ಬಲಗೈ ಹಿಡಿದುಕೊಂಡಳು. ಹಿಡಿದುಕೊಂಡವಳು ಬಹಳ ಹೊತ್ತು ಬಿಡಲಿಲ್ಲ. ಇಬ್ಬರೂ ಒಂದೇ ಗಾಯವನ್ನು ತನ್ನದು ತನ್ನದು ಎಂದು ಬಚ್ಚಿಟ್ಟುಕೊಂಡು ಇಷ್ಟು ದಿನ ಕಳೆದಿದ್ದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಬುದ್ಧಿಯಲ್ಲೂ ಒಂದೇ ಥರ ಇರುತ್ತಾರೆ, ಏನು ಮಾಡುವುದು.

ಆದರೆ ಅಳುವುದರಿಂದ ಪೆಟ್ಟಿಗೆಯೊಳಗೆ ಹೋದ ಗಾಳಿ ಹೊರಗೆ ಬರುವುದಿಲ್ಲ. ಗಾಳಿ ಹೋಗುವ ಮೊದಲೇ ಕೆನೆ ಕಟ್ಟಿತ್ತೋ ಇಲ್ಲವೋ ಯಾರಿಗೂ ತಿಳಿಯದು. ಕಟ್ಟಿದ್ದರೆ ಸರಿ. ಇಲ್ಲವಾದರೆ ಒಂದಷ್ಟು ಪುಡಿ ಒಳಗೇ ಉರಿದಿರುತ್ತದೆ, ಉಳಿದದ್ದು ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಹಾರುತ್ತದೆ. "ನಾಳೆ ಬೆಳಿಗ್ಗೆ ನಾನೊಬ್ಬಳೇ ತೆಗೀತೀನಿ. ಶೆಡ್ಡಲ್ಲಿ ಒಂದು ನರಪಿಳ್ಳೆ ಇರಬಾರದು. ನೀನಂತೂ ಈ ಓಣೀಲೇ ಇರಬಾರದು" ಎಂದು ಅಕ್ಕ ಅಪ್ಪಣೆ ಹೊರಡಿಸಿದಳು.

ಬೆಳಿಗ್ಗೆ ಅವಳು ಬಂದಾಗ ಹದಗಾರ ಆಗಲೇ ಬಂದು ಕೂತಿದ್ದ. ಮೇಸ್ತ್ರಿ ಕುಲುಮೆಯಿಂದ ತೆಗೆದಿಟ್ಟು ಹೋಗಿದ್ದ ಪೆಟ್ಟಿಗೆ ತಣ್ಣಗಾಗಿ ಮೇಜಿನ ಮೇಲಿತ್ತು. ಬಕೆಟ್ಟಿನಲ್ಲಿ ಒಣ ಮರಳು ತುಂಬಿಟ್ಟಿದ್ದ. ಮುಖಕವಚವೂ ಉದ್ದನೆಯ ಕೈಗವಸೂ ಅವನ ಮೈಮೇಲಿದ್ದವು.

"ತೆಗಿ ಅದನ್ನ. ನನಗೆ ಕೊಡು."

"ಕೊಡಲ್ಲ."

"ತಮಾಷೆ ಮಾಡಬೇಡ. ನಿನ್ನೆ ವಾಲ್ವ್ ಹತ್ರ ಹೋಗಕ್ಕಾಗದವನು ಇವತ್ತು ಮುಚ್ಚಳ ತೆಗೀತೀಯಾ?"

"ಅದಕ್ಕೇ ತೆಗೀಬೇಕು. ಇವತ್ತು ಆಗಲಿಲ್ಲ ಅಂದ್ರೆ ಇನ್ನು ಯಾವತ್ತೂ ಆಗಲ್ಲ ಅಕ್ಕ. ನೀನು ಬಾಗಿಲ ಹತ್ರ ನಿಂತ್ಕೋ."

ಅಕ್ಕ ಬಾಗಿಲ ಹತ್ತಿರ ಹೋಗದೆ, ಮರಳಿನ ಬಕೆಟ್ಟು ಎತ್ತಿಕೊಂಡು ಅವನ ಹಿಂದೆಯೇ ನಿಂತಳು.

ಬೋಲ್ಟುಗಳನ್ನು ಬಿಚ್ಚುವಾಗ ಸ್ಪ್ಯಾನರು ಕಟಕಟ ಸದ್ದು ಮಾಡುತ್ತಿತ್ತು. ಕೊನೆಯ ಬೋಲ್ಟು ಬಂತು. ಮುಚ್ಚಳದ ಹಿಡಿಗೆ ಕೈ ಹಾಕಿದ. ಹಳೆಯ ಭಗ್ಗೆಂಬ ಸದ್ದು ಕಿವಿಯೊಳಗೆ ಈಗಾಗಲೇ ಕೇಳಿಸುತ್ತಿತ್ತು. ಓಡು ಎಂದಿತು ಕಾಲು. ಅವನು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ತೆಗೆದೂ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು. ಎತ್ತಿದ.

ಏನೂ ಆಗಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಕಪ್ಪು ಪುಡಿ ಇತ್ತು, ಅಷ್ಟೆ. ಕಿಡಿಯಿಲ್ಲ, ಹೊಗೆಯಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಕಿಟಕಿಯಿಂದ ಬೆಳಗಿನ ಗಾಳಿ ಬೀಸಿ ಬಂತು, ಪುಡಿಯ ಮೇಲೆ ಹಾದುಹೋಯಿತು. ಪುಡಿ ತಣ್ಣಗೆ ಬಿದ್ದುಕೊಂಡಿತ್ತು. ಅಕ್ಕ ಬಕೆಟ್ಟನ್ನು ದೊಪ್ಪನೆ ಕೆಳಗಿಟ್ಟು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂಥ ಸದ್ದು ಮಾಡಿದಳು.

ಹದಗಾರ ಕವಚದ ಹಿಂದಿನಿಂದ ನೋಡುತ್ತಲೇ ಇದ್ದ. ಏನೂ ಆಗದೆ ಇರುವುದು ಇಷ್ಟು ದೊಡ್ಡ ಸಂಗತಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಬಿದ್ದಿದ್ದ ಒಂದೊಂದು ಚಿಟಿಕೆಯಲ್ಲೂ ಲೆಕ್ಕವಿಲ್ಲದಷ್ಟು ಬೆಂಕಿ ಇತ್ತು, ಒಂದೊಂದೂ ಹೊದ್ದು ಮಲಗಿತ್ತು. ನಿನ್ನೆ ಅವನೇ ಒಳಗೆ ಬಿಟ್ಟ ಗಾಳಿ ಅಷ್ಟೂ ಬಾಗಿಲು ತಟ್ಟಿ, ಒಂದೂ ತೆರೆಯದೆ, ಸೋತು ಸುಮ್ಮನಾಗಿತ್ತು. ತಾನು ಹೆದರಿ ನಡುಗುತ್ತ ಕೂತಿದ್ದ ಆ ಹೊತ್ತಿನಲ್ಲೇ ಒಳಗೆ ಈ ಕೆಲಸ ನಡೆದಿತ್ತು! ಯಾರ ಧೈರ್ಯವನ್ನೂ ಕಾಯದೆ ನಡೆದಿತ್ತು.

"ಇನ್ನೂ ಕುಣಿಯಬೇಡ," ಎಂದಳು ಅಕ್ಕ, ಅವನು ಕುಣಿಯದೆ ಕಂಬದಂತೆ ನಿಂತಿದ್ದರೂ. "ಆಸಿಡ್ ಏನು ಹೇಳತ್ತೆ ನೋಡೋಣ."

ಕಿಟಕಿಯ ಹತ್ತಿರ ಎರಡು ಗಾಜಿನ ಲೋಟ ಇಟ್ಟಳು. ಎರಡರಲ್ಲೂ ಆಸಿಡ್. ಒಂದಕ್ಕೆ ಕಾಲೇಜಿನಿಂದ ತಂದಿದ್ದ ಮಾಮೂಲಿ ನಿಕಲ್ ಪುಡಿ ಹಾಕಿದಳು. ಅದು ಬುರಬುರನೆ ನೊರೆಯೆದ್ದು ಕರಗುತ್ತ ಹೋಯಿತು, ಆಸಿಡ್ ಹಸಿರಾಯಿತು. ಇನ್ನೊಂದಕ್ಕೆ ಪೆಟ್ಟಿಗೆಯ ಪುಡಿ ಹಾಕಿದಳು. ಸ್ವಲ್ಪ ಹೊತ್ತಿಗೆ ಅದರಲ್ಲೂ ತೆಳುವಾದ ಹಸಿರು ಕಂಡಿತು.

"ಹೋಯ್ತಾ ಅಕ್ಕ?"

"ತಡಿ. ಹೊದಿಕೆ ತೂತಾಗಿದ್ದವು ಒಂದಷ್ಟು ಇರತ್ತೆ. ಅವು ಹೋದ್ವು. ಉಳಿದದ್ದು ನೋಡೋಣ." ಅವಳು ಮೇಲಿನ ಹಸಿರನ್ನು ಬಸಿದಳು, ಪುಡಿ ತೊಳೆದಳು, ಹೊಸ ಆಸಿಡ್ ಸುರಿದಳು.

ಕಾದರು. ಮೇಸ್ತ್ರಿ ಬಂದು ಅತ್ತ ಗೇರುಗಳನ್ನು ಕುಲುಮೆಗೆ ತುಂಬಿ ಬೆಂಕಿ ಹಚ್ಚಿದ. ಓಣಿಯಲ್ಲಿ ಅಂಗಡಿಗಳ ಶಟರು ಎದ್ದವು. ಲೋಟದ ಆಸಿಡ್ ಮಾತ್ರ ನೀರಿನಂತೆ ತಿಳಿಯಾಗಿಯೇ ಉಳಿಯಿತು. ಅಷ್ಟಾದ ಮೇಲೆ ಅಕ್ಕ ಒಂದು ಅಯಸ್ಕಾಂತ ತಂದು ಗಾಜಿಗೆ ಹೊರಗಿನಿಂದ ಒತ್ತಿದಳು. ತಳದ ಕಪ್ಪು ಪುಡಿ ಮೆಲ್ಲಗೆ ಎದ್ದಿತು. ಎದ್ದು, ತೇಲಿ, ಗುಂಪಾಗಿ ಬಂದು ಅಯಸ್ಕಾಂತದೆದುರು ಗಾಜಿಗೆ ಮುತ್ತಿಕೊಂಡಿತು.

"ನೋಡು," ಎಂದು ಅಕ್ಕ ಪಿಸುಗುಟ್ಟಿದಳು, ಜೋರಾಗಿ ಮಾತಾಡಿದರೆ ಕೆಟ್ಟೀತು ಎನ್ನುವ ಹಾಗೆ. "ಅಯಸ್ಕಾಂತ ಎಳೀತಿದೆ ಅಂದ್ರೆ ಒಳಗೆ ನಿಕಲ್ ಇದೆ. ಸುತ್ತ ಆಸಿಡ್ ಇದೆ. ನಡುವೆ ಇರೋದು ಆ ಕೆನೆ ಒಂದೇ. ಮುಟ್ಟಕ್ಕಾಗ್ತಿಲ್ಲ ಅದಕ್ಕೆ."

ಹದಗಾರ ಲೋಟದ ಮುಂದೆ ಬಗ್ಗಿ ನಿಂತ. ಅಕ್ಕ ಅಯಸ್ಕಾಂತವನ್ನು ಎಡಕ್ಕೆ ಸರಿಸಿದರೆ ಆ ಕಪ್ಪು ಮೋಡ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಸರಿಸಿದರೆ ಬಲಕ್ಕೆ. ಗೇರಿನ ಹಲ್ಲನ್ನು ತಿಂದು ಹಾಕಬಲ್ಲ ಆಸಿಡ್ಡಿನಲ್ಲಿ ಮೀನಿನಂತೆ ಓಡಾಡಿಕೊಂಡಿತ್ತು. ಅವನು ನೋಡಿದ, ನೋಡಿದ, ಸಾಕೆನಿಸಲಿಲ್ಲ. ಕೈ ಮುಗಿಯಬೇಕೆನಿಸಿತು. ಅಕ್ಕ ನಕ್ಕಾಳೆಂದು ಸುಮ್ಮನಾದ.

"ಯಜಮಾನ್ರೇ, ಮಾಲು ಕೆಂಪಾಗಿದೆ," ಎಂದು ಮೇಸ್ತ್ರಿ ಅತ್ತಲಿಂದ ಕೂಗಿದ. "ತೆಗೀಲಾ?"

ಹದಗಾರ ನೆಟ್ಟಗೆ ನಿಂತ. ಭಯ ಹೋಗಿತ್ತೇ ಎಂದರೆ, ಎಲ್ಲಿಯ ಮಾತು! ಒಂದು ಬೆಳಿಗ್ಗೆಗೆಲ್ಲ ಹೋಗುವಂಥ ಭಯ ಅಲ್ಲ ಅದು. "ಬೇಡ, ನಿಲ್ಲಿ," ಎಂದು ಹೇಳಿ ಶೆಡ್ಡಿನ ಆ ತುದಿಗೆ ನಡೆದ. ಮೇಸ್ತ್ರಿ ಇಕ್ಕಳ ಅವನ ಕೈಗಿತ್ತು ಪಕ್ಕಕ್ಕೆ ಸರಿದ. ಹದಗಾರ ಒಮ್ಮೆ ಉಸಿರೆಳೆದುಕೊಂಡು ಹಿಡಿ ಎಳೆದ, ಬಾಗಿಲು ಪೂರ್ತಿ ತೆರೆದ.

ಶಾಖ ಬಂದು ಮುಖಕ್ಕೆ ಹೊಡೆಯಿತು. ಸಾಲುಗಟ್ಟಿ ಕೂತಿದ್ದ ಗೇರುಗಳು ಒಳಗಿನಿಂದಲೇ ಬೆಳಗುತ್ತಿದ್ದವು, ಒಂದೊಂದು ಹಲ್ಲೂ ಎಣಿಸುವಷ್ಟು ಸ್ಪಷ್ಟವಾಗಿ. ಇದನ್ನು ಅವನು ಎಷ್ಟು ಸಲ ಕಂಡಿರಲಿಲ್ಲ! ಇವತ್ತು ಮೊದಲ ಸಲ ಕಾಣುವವನ ಹಾಗೆ ನಿಂತುಬಿಟ್ಟ.

"ಸುಡತ್ತೆ ಕಣೋ, ಹಿಂದೆ ಬಾರೋ!" ಎಂದು ಅಕ್ಕ ಕಿಟಕಿಯ ಹತ್ತಿರದಿಂದ ಗಾಬರಿಯಲ್ಲಿ ಕೂಗಿದಳು.

"ತಡಿ ಅಕ್ಕ," ಎಂದ ಹದಗಾರ. "ನೋಡ್ತಾ ಇದೀನಿ."